ಒಂದ್ ರೌಂಡ್ ಹೊಡದ್ ಬರ್ತೀನ್ರಿ

ನಾನು ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಈ ಊರಿನ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದ ಮಾತು ಯಾವುದು ಅಂತ ಯಾರಾದರೂ ಕೇಳಿದರೆ, “ಎಷ್ಟಾಗುತ್ತೆ?” ಅನ್ನುವ ನನ್ನದೇ ಪ್ರಶ್ನೆಯನ್ನು ಬಿಟ್ಟರೆ ಇದೊಂದೇ: “ಟ್ರಾಯಲ್ ಮಾರೂನ್ ಯೇತೋ.” ನಮ್ಮ ಧಾರವಾಡದ ಕಡೆ ಇದನ್ನೇ “ಒಂದ್ ರೌಂಡ್ ಹೊಡದ್ ಬರ್ತೀನ್ರಿ” ಅಂತಾರೆ. ಬೆಂಗಳೂರಿನಲ್ಲಾದರೆ “ಒಂದ್ ಟ್ರಯಲ್ ನೋಡ್ಕೊಂಡ್ ಬರ್ತೀನಿ ಸಾರ್.” ಭಾಷೆ ಯಾವುದಾದರೂ ಆಗಲಿ, ಮಾತು ಮುಗಿಯುವಷ್ಟರಲ್ಲಿ ಗಾಡಿ ಬೀದಿಯ ತಿರುವು ದಾಟಿರುತ್ತದೆ. ಗಾಡಿಯ ಮಾಲೀಕ ಅರ್ಧ ಗ್ಲಾಸು ಚಹಾ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿರುತ್ತಾನೆ.

ನವೆಂಬರ್ ತಿಂಗಳ ರಾಜ್ಯೋತ್ಸವದಲ್ಲಿ ನಾವು ಹೊರನಾಡ ಕನ್ನಡಿಗರು ಸೇರಿದಾಗ ಕನ್ನಡದ ಅಳಿವು ಉಳಿವಿನ ಬಗ್ಗೆ ಮಾತಾಡಿಕೊಳ್ತೀವಿ ಅಂತ ಊರಿನಲ್ಲಿ ಕೂತ ನೀವು ತಿಳಿದಿರಬಹುದು. ಅದೆಲ್ಲ ವೇದಿಕೆಯ ಮೇಲೆ. ಊಟದ ಪಂಕ್ತಿಯಲ್ಲಿ ಬರುವ ಮಾತು ಮನೆಗೆಲಸದವರದ್ದು, ನೀರಿನ ಟ್ಯಾಂಕರಿನದ್ದು, ಗ್ಯಾರೇಜಿನದ್ದು. ಗ್ಯಾರೇಜಿನ ಮಾತು ಬಂತೆಂದರೆ ತಕ್ಷಣ ಎರಡು ಪಂಗಡವಾಗುತ್ತದೆ. ಒಂದು ಪಂಗಡದವರು ಬೆಳಿಗ್ಗೆ ಕೀಲಿಕೈ ಕೊಟ್ಟು, “ಸಂಜೆ ಫೋನ್ ಮಾಡಿ” ಅಂದು ಆಫೀಸಿಗೆ ನಡೆಯುವವರು. ಗಾಡಿಯನ್ನು ಯಾರು ಬಿಚ್ಚಿದರು, ಯಾರು ಓಡಿಸಿದರು ಅನ್ನುವುದು ಅವರಿಗೆ ಬೇಕಿಲ್ಲ. ಇನ್ನೊಂದು ಪಂಗಡದವರು ಕಿಲೋಮೀಟರ್ ಎಷ್ಟಿದೆ ಅಂತ ಹಿಂದೆ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು, ಈಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಗಾಡಿ ಗೇಟಿನ ಹೊರಗೆ ಹೋಗಕೂಡದು ಅನ್ನುವುದು ಅವರ ಕಟ್ಟಪ್ಪಣೆ. “ನಮ್ಮ ಪೆಟ್ರೋಲಿನಲ್ಲಿ ಅವನ ಊರು ತಿರುಗಾಟ ಯಾಕ್ರೀ?” ಅನ್ನುವುದು ಅವರ ವಾದ. ನಾನು ಬಹಳ ವರ್ಷ ಈ ಎರಡನೇ ಪಂಗಡದಲ್ಲಿದ್ದವನು. ಈಗ ಎರಡನ್ನೂ ಬಿಟ್ಟಿದ್ದೇನೆ. ಎರಡೂ ಯಾಕೆ ತಪ್ಪು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರಿನ ಮಾತು. ನಾನು ಬೆಳೆದದ್ದು ಧಾರವಾಡದಲ್ಲಿ. ಅಪ್ಪನ ಹತ್ತಿರ ಒಂದು ಬಜಾಜ್ ಚೇತಕ್ ಇತ್ತು. ಬಲಕ್ಕೆ ವಾಲಿಸಿ ಎರಡು ಸಲ ಕುಲುಕಿದರೇ ಸ್ಟಾರ್ಟ್ ಆಗುವ ಗಾಡಿ. ರಿಪೇರಿಗೆ ಕೊಟ್ಟರೆ ಮಿಸ್ತ್ರಿ ಎರಡು ದಿನ ಇಟ್ಟುಕೊಳ್ಳುತ್ತಿದ್ದ. ಆ ಎರಡು ದಿನದಲ್ಲಿ ಮಿಸ್ತ್ರಿಯ ಅಳಿಯ ನಮ್ಮ ಸ್ಕೂಟರಿನ ಮೇಲೆ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯೆ ಚೀಲ ಇಟ್ಟುಕೊಂಡು ಹೋಗುವುದನ್ನು ನಾನೇ ಕಂಡಿದ್ದೇನೆ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, “ಹೌದಾ? ಹಂಗಾದ್ರ ಗಾಡಿ ಚಲೋ ಓಡಾಕತ್ತೈತಿ ಬಿಡು” ಅಂದು ಪೇಪರ್ ಓದುತ್ತಿದ್ದರು. ಮಿಸ್ತ್ರಿಯ ಅಪ್ಪನನ್ನು ನಮ್ಮ ಅಜ್ಜ ಬಲ್ಲವರು. ಏನಾದರೂ ಹೆಚ್ಚುಕಡಿಮೆ ಆದರೆ ಓಣಿಯ ಹಿರಿಯರು ಕೂತು ಬಗೆಹರಿಸುತ್ತಿದ್ದರು. ಅದನ್ನೇ ನಾವು ನಂಬಿಕೆ ಅಂತ ಕರೆದೆವು. ಪರಊರಿಗೆ ಬಂದ ಮೇಲೆ, “ನಮ್ಮೂರಾಗ ಹಿಂಗಿರಲಿಲ್ಲ” ಅಂತ ಅದನ್ನೇ ನೆನೆದು ನಿಟ್ಟುಸಿರು ಬಿಟ್ಟೆವು. ಈಗ ಯೋಚಿಸಿದರೆ ಅದರಲ್ಲಿ ನಂಬಿಕೆ ಅರ್ಧ, ಅದೃಷ್ಟ ಅರ್ಧ. ಆ ಅಳಿಯನ ಹತ್ತಿರ ಲೈಸೆನ್ಸ್ ಇತ್ತೋ ಇಲ್ಲವೋ ಯಾರೂ ಕೇಳಿರಲಿಲ್ಲ. ಅವನು ಯಾರಿಗೂ ಗುದ್ದಲಿಲ್ಲ, ಅಷ್ಟೇ.

ಪುಣೆಯಲ್ಲಿ ನನಗೆ ಯಾವ ಮಿಸ್ತ್ರಿಯ ಅಪ್ಪನೂ ಗೊತ್ತಿಲ್ಲ. ಗೊತ್ತಿಲ್ಲದ ಊರಿನಲ್ಲಿ ಮನುಷ್ಯ ಸಂಶಯವನ್ನೇ ಜಾಣತನ ಅಂದುಕೊಳ್ಳುತ್ತಾನೆ. 2009ರಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಐವತ್ತರ ವೇಗ ದಾಟಿದರೆ ಎಲ್ಲೋ ಕೆಳಗಿನಿಂದ ಗುಂಯ್ ಅಂತ ದುಂಬಿ ಹಾಡಿದ ಹಾಗೆ ಸದ್ದು. ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಟ್ರಾಯಲ್ ಕೇಳಿದ. ನಾನು ಕೊಡಲಿಲ್ಲ. “ಇಲ್ಲೇ ನೋಡಿ ಹೇಳಿ” ಅಂದೆ. ಪಾಪ, ಅವನು ಜಾಕ್ ಹಾಕಿ ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದ. ಸದ್ದು ಕೇಳಲಿಲ್ಲ. ಟೈರು ಸವೆದಿದೆ, ಅದರದ್ದೇ ಸದ್ದಿರಬೇಕು ಅಂದ. ಮುಂದಿನ ಎರಡು ಟೈರು ಹೊಸದು ಹಾಕಿಸಿದೆ. ದುಂಬಿ ಹಾಡುತ್ತಲೇ ಇತ್ತು.

ಎರಡನೇ ಗ್ಯಾರೇಜಿನ ಮಿಸ್ತ್ರಿ ಸಾತಾರಾ ಕಡೆಯವನು. ನನ್ನ ಸಂಶಯದ ಮುಖ ನೋಡಿಯೇ, “ಚಲಾ ಸಾಹೇಬ್, ತುಮ್ಹೀಪಣ ಬಸಾ” ಅಂತ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ವಾರ್ಜೆಯ ಹತ್ತಿರ ಬೈಪಾಸಿಗೆ ಹತ್ತಿಸಿದ. ಆ ರಸ್ತೆ ಹಿಡಿದು ಕಾತ್ರಜ್ ಕಡೆಗೆ ಹೋಗುತ್ತಲೇ ಇದ್ದರೆ ಸಾತಾರಾ, ಕೊಲ್ಲಾಪುರ, ಬೆಳಗಾವಿ ದಾಟಿ ನಮ್ಮ ಧಾರವಾಡವೇ. ರಸ್ತೆ ಖಾಲಿ ಇದ್ದ ಕಡೆ ಅವನು ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ, ಆಮೇಲೆ ಬಲಕ್ಕೆ ಎಳೆದ. ಎಡಕ್ಕೆ ತಿರುಗಿದಾಗ ಗುಂಯ್ ಜೋರಾಯಿತು, ಬಲಕ್ಕೆ ತಿರುಗಿದಾಗ ತಗ್ಗಿತು. ಎಡಕ್ಕೆ ತಿರುಗಿದರೆ ಕಾರಿನ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಹಾಗಾಗಿ ಹೋಗಿರುವುದು ಬಲಗಡೆಯ ಬೇರಿಂಗು ಅಂತ ಅವನು ಗೇರ್ ಬದಲಿಸುತ್ತಲೇ ವಿವರಿಸಿದ. ಬೇರಿಂಗು ಬದಲಾಯಿಸಿದ. ದುಂಬಿ ಹಾರಿಹೋಯಿತು. ನಾಲ್ಕು ಕಿಲೋಮೀಟರಿನ ಪೆಟ್ರೋಲು ಉಳಿಸಲು ಹೋಗಿ ನಾನು ಎರಡು ಟೈರಿನ ದುಡ್ಡು ಕಳೆದುಕೊಂಡಿದ್ದೆ.

ಆದ್ದರಿಂದ ಗೇಟಿನ ಹೊರಗೆ ಬಿಡಬೇಡಿ ಅನ್ನುವವರಿಗೆ ನನ್ನ ಮೊದಲ ಉತ್ತರ ಇದು. ಗಾಡಿಯ ರೋಗ ನಿಂತಲ್ಲಿ ಕಾಣುವುದಿಲ್ಲ. ಕ್ಲಚ್ ಜಾರುವುದು ಏರಿನಲ್ಲಿ, ಮೇಲಿನ ಗೇರಿನಲ್ಲಿ. ಸಸ್ಪೆನ್ಶನ್ ಕುಟ್ಟುವುದು ಹಂಪಿನ ಮೇಲೆ. ಬೈಕಿನ ಕೋನ್ ಸೆಟ್ ಹೋಗಿದೆಯೋ ಇಲ್ಲವೋ ಗೊತ್ತಾಗುವುದು ಹ್ಯಾಂಡಲ್ ನಡುಗಿದಾಗ. ಬ್ರೇಕ್ ಒಂದು ಕಡೆಗೆ ಎಳೆಯುತ್ತದೆಯೇ ಅನ್ನುವುದು ತಿಳಿಯಬೇಕಾದರೆ ಓಡುವ ಗಾಡಿಯಲ್ಲಿ ಬ್ರೇಕ್ ಒತ್ತಲೇಬೇಕು. ಡಾಕ್ಟರಿಗೆ ನಾಡಿ ಮುಟ್ಟಬೇಡ ಅಂದು ಔಷಧಿ ಬರೆ ಅನ್ನುವುದು ಎಂಥ ನ್ಯಾಯ? ಟ್ರಾಯಲ್ ಅನ್ನುವುದು ರಿಪೇರಿಯ ಭಾಗ. ಅದು ಮಿಸ್ತ್ರಿಗೆ ನಾವು ಕೊಡುವ ಬಕ್ಷೀಸಲ್ಲ, ಅವನು ನಮ್ಮಿಂದ ಕದಿಯುವ ಮೋಜೂ ಅಲ್ಲ.

ಇಷ್ಟು ತಿಳಿದ ಮೇಲೂ ನನ್ನ ಕಣ್ಣು ಪೆಟ್ರೋಲ್ ಮುಳ್ಳಿನ ಮೇಲಿಂದ ಸರಿಯಲಿಲ್ಲ. ಅದು ಸರಿದದ್ದು 2013ರ ಮಳೆಗಾಲದಲ್ಲಿ.

ಕರ್ವೆನಗರದ ಕಡೆ ಒಂದು ಚಿಕ್ಕ ಟೂವೀಲರ್ ಗ್ಯಾರೇಜು. ಹೆಸರು ಬೇಡ. ಹೆಂಡತಿಯ ಗೇರಿಲ್ಲದ ಸ್ಕೂಟರಿಗೆ ಹಿಂದಿನ ಬ್ರೇಕ್ ಶೂ ಹಾಕಿಸಲು ಹೋಗಿದ್ದೆ. ಮಿಸ್ತ್ರಿ ಹಾಕಿ ಮುಗಿಸಿ ಇನ್ನೊಂದು ಬೈಕಿನ ಎಂಜಿನ್ನಿನ ಮುಂದೆ ಕೂತ. ಕೈತುಂಬ ಎಣ್ಣೆ. “ಏ ಛೋಟೂ, ಟ್ರಾಯಲ್ ಮಾರ್ ಕೇ ಆ” ಅಂದ. ಆ ಹುಡುಗನನ್ನು ನಾನು ಆರು ತಿಂಗಳಿನಿಂದ ನೋಡುತ್ತಿದ್ದೆ. ಪಾನಾ ಕೊಡುವವನು, ಚಹಾ ತರುವವನು, ನಟ್ಟು ಬೋಲ್ಟು ಸೀಮೆಎಣ್ಣೆಯಲ್ಲಿ ತೊಳೆಯುವವನು. ಅವನ ಮುಖ ಅರಳಿತು. ಹೆಲ್ಮೆಟ್ ಇಲ್ಲ. ನಾನು ಹಿಂದಿನಿಂದ ಕೂಗಿದೆ, ಹಿಂದಿಯಲ್ಲಿ: “ದೂರ ಒಯ್ಯಬೇಡ, ಪೆಟ್ರೋಲ್ ಕಡಿಮೆ ಇದೆ.”

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ನಾನು ಮಿಸ್ತ್ರಿಗೆ ಸಿಡುಕಿದೆ, “ಊರು ತಿರುಗಲು ಹೋಗಿದ್ದಾನೆ ನೋಡಿ.” ಅಷ್ಟರಲ್ಲಿ ಅವನ ಫೋನು ಬಡಿಯಿತು.

ಎರಡು ಬೀದಿ ಆಚೆ, ಇಳಿಜಾರಿನ ತಿರುವಿನಲ್ಲಿ ಎದುರಿಗೆ ಆಟೋ ಬಂದಿದೆ. ಹುಡುಗ ಬ್ರೇಕ್ ಒತ್ತಿದ್ದಾನೆ. ಹೊಸ ಬ್ರೇಕ್ ಶೂ ಡ್ರಮ್ಮಿಗೆ ಹೊಂದಿಕೊಳ್ಳುವ ತನಕ ಪೂರ್ತಿ ಹಿಡಿಯುವುದಿಲ್ಲ. ಅದು ಹಾಕಿದ ಮಿಸ್ತ್ರಿಗೆ ಗೊತ್ತು, ಹುಡುಗನಿಗೆ ಹೇಳಿದವರಾರು? ಹಿಂದಿನದು ಹಿಡಿಯಲಿಲ್ಲವೆಂದು ಗಾಬರಿಯಲ್ಲಿ ಮುಂದಿನದನ್ನು ಜೋರಾಗಿ ಹಿಡಿದ. ಒದ್ದೆ ರಸ್ತೆ. ಗಾಡಿ ಜಾರಿತು. ಜಾರಿದ ಗಾಡಿ ಬದಿಯಲ್ಲಿ ಹಾಲಿನ ಚೀಲ ಹಿಡಿದು ನಡೆಯುತ್ತಿದ್ದ ಒಬ್ಬ ಮುದುಕರನ್ನು ಕೆಡವಿತು. ಅವರಿಗೆ ಮೊಣಕೈ ತರಚಿತ್ತು. ಹುಡುಗನ ಕಾಲು ಮೊಣಕಾಲಿನ ಕೆಳಗೆ ಮುರಿದಿತ್ತು.

ನಾನು ಹೋಗುವಷ್ಟರಲ್ಲಿ ಒಬ್ಬ ಪೊಲೀಸ್ ಹವಾಲ್ದಾರ ಬಂದಿದ್ದ. ಅವನ ಮೊದಲ ಪ್ರಶ್ನೆ, “ಗಾಡೀ ಕೋಣಾಚೀ?” ಗಾಡಿ ಯಾರದು? ಓಡಿಸಿದವನು ಯಾರು ಅಂತಲ್ಲ, ರಿಪೇರಿ ಮಾಡಿದವನು ಯಾರು ಅಂತಲೂ ಅಲ್ಲ. ನನ್ನ ಬಾಯಿ ಒಣಗಿತು. ಮಿಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಸರಕಾರಿ ಆಸ್ಪತ್ರೆಯಲ್ಲಿ ಸಂಜೆ ಹುಡುಗನ ಸೋದರಮಾವ ಬಂದ. ಕಟ್ಟಡದ ಕೆಲಸದಿಂದ ಹಾಗೇ ಎದ್ದು ಬಂದಿದ್ದ, ಕೈಮೇಲೆ ಸಿಮೆಂಟು ಒಣಗಿತ್ತು. ಹುಡುಗ ಅವನಿಗೆ ಪಿಸುಗುಟ್ಟಿದ, “ಮಾಮಾ, ಸಾಹೇಬರ ಗಾಡಿಗಿ ಬಕ್ಕಳ ಲುಕ್ಸಾನ್ ಆಗ್ಯಾದೇನ್ ನೋಡು.”

ನಾನು ಅಲ್ಲೇ ನಿಂತಿದ್ದೆ. ನನಗೆ ಅರ್ಥವಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಕನ್ನಡ ಬರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಆರು ತಿಂಗಳು ನಾವಿಬ್ಬರೂ ಮುರುಕು ಹಿಂದಿಯಲ್ಲಿ ಮಾತಾಡಿಕೊಂಡಿದ್ದೆವು. ಅವನು ಆಗಿನ ಗುಲ್ಬರ್ಗಾ ಜಿಲ್ಲೆಯ ಅಫಜಲಪುರ ತಾಲ್ಲೂಕಿನವನು. ವಯಸ್ಸು 15. ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ವೇದಿಕೆಯ ಮೇಲೆ ನಿಂತು ಹೊರನಾಡಿನಲ್ಲಿ ಕನ್ನಡ ಉಳಿಸುವ ಬಗ್ಗೆ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ.

ಕೇಸು ಆಗಲಿಲ್ಲ. ಮುದುಕರು ಒಳ್ಳೆಯವರು, ಡ್ರೆಸಿಂಗಿನ ಖರ್ಚು ತೆಗೆದುಕೊಂಡು ಹೋದರು. ಆಸ್ಪತ್ರೆಯ ಖರ್ಚನ್ನು ಮಿಸ್ತ್ರಿ ಮತ್ತು ನಾನು ಹಂಚಿಕೊಂಡೆವು. ಹುಡುಗ ಪ್ಲಾಸ್ಟರ್ ಹಾಕಿಕೊಂಡು ಮಾವನ ಜೊತೆ ಊರಿಗೆ ಹೋದ. ಮತ್ತೆ ಆ ಗ್ಯಾರೇಜಿಗೆ ಬರಲಿಲ್ಲ. ಎಲ್ಲ ಸುಸೂತ್ರ ಮುಗಿಯಿತು ಅಂತ ನಾನು ನಿಟ್ಟುಸಿರು ಬಿಟ್ಟದ್ದೂ ನಿಜ. ಆ ನಿಟ್ಟುಸಿರಿನ ನಾಚಿಕೆ ಇನ್ನೂ ಇದೆ. ಗಾಡಿ ಕೊಡುವಾಗ ನಾನು ಪೆಟ್ರೋಲಿನ ಲೆಕ್ಕ ಹೇಳಿದೆ, ಅವನ ವಯಸ್ಸು ಕೇಳಲಿಲ್ಲ.

ಈಗ ಕಾನೂನಿನ ಮಾತಿಗೆ ಬರೋಣ, ಯಾಕೆಂದರೆ ಪಂಕ್ತಿಯಲ್ಲಿ ಕೂತ ಎರಡೂ ಪಂಗಡದವರು ಇದನ್ನು ಬಲ್ಲವರಲ್ಲ. ಬಹಳಷ್ಟು ಗ್ಯಾರೇಜುಗಳ ಗೋಡೆಯ ಮೇಲೋ ರಸೀತಿಯ ಹಿಂದೆಯೋ ಒಂದು ಸಾಲು ಇರುತ್ತದೆ: ನಮ್ಮ ನೌಕರರು ವಾಹನ ಓಡಿಸುವುದು ಗ್ರಾಹಕರ ಸ್ವಂತ ಜವಾಬ್ದಾರಿಯ ಮೇಲೆ. ಅಲ್ಲ ಸ್ವಾಮಿ, ಕೆಲಸ ನಿಮ್ಮದು, ನೌಕರ ನಿಮ್ಮವನು, ಕೂಲಿ ನೀವು ತಗೊಳ್ಳುವುದು, ಜವಾಬ್ದಾರಿ ಮಾತ್ರ ಸ್ಟೂಲಿನ ಮೇಲೆ ಕೂತ ನನ್ನದೇ? ಹೋಟೆಲಿನವನು “ಅಡುಗೆಯಲ್ಲಿ ಹಲ್ಲಿ ಬಿದ್ದರೆ ಊಟ ಮಾಡುವವರ ಜವಾಬ್ದಾರಿ” ಅಂತ ಬೋರ್ಡು ಹಾಕಿದರೆ ಒಪ್ಪುತ್ತೀರಾ? ಆ ಸಾಲು ಬರೆದ ಮಾತ್ರಕ್ಕೆ ಬೀದಿಯಲ್ಲಿ ಬಿದ್ದ ಮುದುಕರ ಹಕ್ಕು ಅಳಿಸಿಹೋಗುವುದಿಲ್ಲ.

ಗೋವೆಯಿಂದ ಬಂದ ಒಂದು ಮೊಕದ್ದಮೆಯಲ್ಲಿ 1988ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ರಿಪೇರಿಗೆ ಕೊಟ್ಟ ಗಾಡಿ ರಿಪೇರಿಯವರ ಕೈಯಲ್ಲಿದ್ದಾಗ ಮೂರನೆಯವರಿಗೆ ಪೆಟ್ಟಾದರೂ ಆ ಗಾಡಿಯ ವಿಮೆ ಕಂಪನಿ ಪರಿಹಾರ ಕೊಡಬೇಕು. ಪೆಟ್ಟು ತಿಂದವನ ಮಟ್ಟಿಗೆ ಇದು ದೊಡ್ಡ ಆಸರೆ. ಆದರೆ ಓಡಿಸಿದವನಿಗೆ ಲೈಸೆನ್ಸೇ ಇಲ್ಲದಿದ್ದರೆ? 2004ರ ಇನ್ನೊಂದು ತೀರ್ಪಿನ ಪ್ರಕಾರ, ಮಾಲೀಕ ತೋರಬೇಕಾದ ಎಚ್ಚರ ತೋರಲಿಲ್ಲ ಅಂತ ಸಾಬೀತಾದರೆ ವಿಮೆ ಕಂಪನಿ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು. ಅಂದರೆ ಕೀಲಿಕೈ ಕೊಟ್ಟು ಆಫೀಸಿಗೆ ನಡೆದವನ ಮನೆ ಬಾಗಿಲಿಗೇ ಅದು ಬರಬಹುದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೆ ಕಾಯ್ದೆಯಲ್ಲಿರುವ ದಂಡ ಒಂದು ಸಾವಿರದಿಂದ ಐದು ಸಾವಿರಕ್ಕೆ ಏರಿತು. ಓಡಿಸಿ ಸಿಕ್ಕಿಬಿದ್ದವನು ಹದಿನೆಂಟು ತುಂಬದ ಹುಡುಗನಾದರೆ ಅವನ ಪೋಷಕರನ್ನು ಇಲ್ಲವೇ ಗಾಡಿಯ ಮಾಲೀಕನನ್ನೇ ತಪ್ಪಿತಸ್ಥ ಅಂತ ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ರಿಜಿಸ್ಟ್ರೇಶನ್ ರದ್ದು. ನನಗೆ ತಿಳಿಯದೆ ಆಯಿತು, ಅಥವಾ ತಡೆಯಲು ನಾನು ತಕ್ಕ ಎಚ್ಚರ ವಹಿಸಿದ್ದೆ ಅಂತ ತೋರಿಸುವ ಭಾರವೂ ಅವನದೇ. 2013ರಲ್ಲಿ ಈ ಕಲಮು ಇರಲಿಲ್ಲ. ಇದ್ದಿದ್ದರೆ, ಪೆಟ್ರೋಲ್ ಕಡಿಮೆ ಇದೆ ಅಂತ ಎಚ್ಚರಿಸಿದ್ದೆ ಅಂತ ಜಡ್ಜ್ ಮುಂದೆ ಹೇಳಬೇಕಾಗಿತ್ತು.

ಹಾಗಾದರೆ ಏನು ಮಾಡಬೇಕು ಅಂತೀರಿ? ನನ್ನ ವಾದ ಒಂದೇ ಸಾಲಿನದು. ಕೆಲಸ ಮಾಡಿದವನೇ ಗಾಡಿ ಓಡಿಸಿ ನೋಡಬೇಕು. ಬ್ರೇಕ್ ಹಾಕಿದವನೇ ಆ ಬ್ರೇಕನ್ನು ಮೊದಲು ಒತ್ತಬೇಕು. ತಾನು ಬಿಗಿದ ನಟ್ಟಿನ ಮೇಲೆ ತನ್ನ ಮೈಯನ್ನೇ ಇಟ್ಟು ನಾಲ್ಕು ಹೆಜ್ಜೆ ಹೋಗಿ ಬರುವುದು ಮಿಸ್ತ್ರಿ ಹಾಕುವ ಸಹಿ. ಆ ಸಹಿಯನ್ನು ಚಹಾ ತರುವ ಹುಡುಗನಿಂದ ಹಾಕಿಸುವುದು ಮೋಸ. ಗಿರಾಕಿಗೂ ಮೋಸ, ಹುಡುಗನಿಗೆ ಅದಕ್ಕಿಂತ ದೊಡ್ಡ ಮೋಸ. ಇನ್ನು ಕೆಲವರು, “ನಾನೇ ಓಡಿಸಿ ನೋಡ್ತೀನಿ, ಅವನು ಬೇಡ” ಅನ್ನುತ್ತಾರೆ. ಅದೂ ಸರಿಯಲ್ಲ. ಈಗಷ್ಟೇ ಬಿಚ್ಚಿ ಕಟ್ಟಿದ ಬ್ರೇಕನ್ನು ಬೀದಿಯಲ್ಲಿ ಮೊದಲ ಸಲ ಪರೀಕ್ಷಿಸುವ ಕೆಲಸ ದುಡ್ಡು ಕೊಟ್ಟ ನಿಮ್ಮದು ಹೇಗಾಯಿತು? ನಿಮ್ಮ ಜಾಗ ಪಕ್ಕದ ಸೀಟು.

ಇದರ ಜೊತೆಗೆ ಮೂರು ಸಣ್ಣ ಸಂಗತಿ. ಓಡಿಸುವವನ ಲೈಸೆನ್ಸ್ ಮೊದಲೇ ನೋಡುವುದು. ಕಿಲೋಮೀಟರ್ ಇಬ್ಬರೂ ನೋಡಿ ಬರೆದಿಡುವುದು. ಅದು ಸಂಶಯಕ್ಕಲ್ಲ, ಆಮೇಲೆ ಸಂಶಯ ಬಾರದಿರಲಿ ಅಂತ. ಯಾವ ದಾರಿ, ಎಷ್ಟು ದೂರ ಅಂತ ಮೊದಲೇ ಮಾತಾಡಿಕೊಳ್ಳುವುದು. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಜಾಬ್ ಕಾರ್ಡಿನ ಮೇಲೆ ಕಿಲೋಮೀಟರನ್ನೂ ಪೆಟ್ರೋಲಿನ ಮಟ್ಟವನ್ನೂ ಬರೆದು ನಮ್ಮ ಸಹಿ ಹಾಕಿಸಿಕೊಳ್ಳುತ್ತಾರೆ. ಯಾರು ಓಡಿಸುತ್ತಾರೆ ಅನ್ನುವ ಜಾಗ ಮಾತ್ರ ನಾನು ಕಂಡ ಕಾರ್ಡುಗಳಲ್ಲಿ ಇರಲಿಲ್ಲ. ಅದನ್ನು ಕೇಳಿ ಬರೆಸಿ.

“ಮರದ ಕೆಳಗೆ ಕೂತು ಪಂಕ್ಚರ್ ಹಾಕುವವನ ಹತ್ತಿರ ಜಾಬ್ ಕಾರ್ಡ್ ಎಲ್ಲಿಂದ ಬರಬೇಕು, ಬಡವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?” ಅಂತ ಒಬ್ಬ ಸ್ನೇಹಿತರು ನನ್ನ ಮೇಲೆ ಹರಿಹಾಯ್ದರು. ಒಳ್ಳೆಯ ಪ್ರಶ್ನೆ. ಅವನಿಗೆ ಹಳೇ ನೋಟ್‌ಬುಕ್ಕು ಸಾಕು. ಎರಡು ನಿಮಿಷ ಕೈ ಒರೆಸಿಕೊಂಡು ತಾನೇ ಎದ್ದು ಓಡಿಸಿ ಬರುವುದಕ್ಕೆ ಬಂಡವಾಳವೇನೂ ಬೇಡ. ಹೊಟ್ಟೆಯ ಮಾತೇ ಬಂದರೆ, ಅವತ್ತು ಕಾಲು ಮುರಿದುಕೊಂಡವನು ಆ ಗ್ಯಾರೇಜಿನ ಎಲ್ಲರಿಗಿಂತ ಬಡವನಾಗಿದ್ದ. ಹದಿನಾಲ್ಕು ದಾಟಿದ್ದರಿಂದ ಆಗಿನ ಬಾಲಕಾರ್ಮಿಕ ಕಾಯ್ದೆ ಅವನನ್ನು ತಡೆಯುತ್ತಿರಲಿಲ್ಲ. ಪಾನಾ ಕೊಡಲಿ, ಕೆಲಸ ಕಲಿಯಲಿ. ಬೀದಿಗೆ ಕಳಿಸುವುದು ಮಾತ್ರ ಕಲಿಸುವುದಲ್ಲ. ಹುಡುಗರಿಗೆ ದಿನಪೂರ್ತಿ ಎಣ್ಣೆಯಲ್ಲಿ ಕೈ ಅದ್ದಿದ ಮೇಲೆ ಸಿಗುವ ಒಂದೇ ಸುಖ ಆ ಒಂದು ರೌಂಡು ಅಂತ ನನಗೂ ಗೊತ್ತು. ಅದಕ್ಕೇ ಅವರು ಬೇಡ ಅನ್ನುವುದಿಲ್ಲ. ಅದಕ್ಕೇ ನಾವು ಬೇಡ ಅನ್ನಬೇಕು.

ಪುಣೆಯ ಗ್ಯಾರೇಜಿನ ಪುರಾಣ ಊರಿನಲ್ಲಿರುವ ನಮಗೇಕೆ ಅಂತ ನೀವು ಕೇಳಬಹುದು. ಹೋದ ಸಲ ಹುಬ್ಬಳ್ಳಿಗೆ ಬಂದಾಗ ತಮ್ಮನ ಬೈಕ್ ರಿಪೇರಿಗೆ ಅವನ ಜೊತೆ ಹೋಗಿದ್ದೆ. ಪಾನಾ ಕೊಡುತ್ತಿದ್ದ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಬಿಹಾರದವನು ಅಂದರು. ಹೆಸರು ಕೇಳಿದೆ. “ಛೋಟೂ ಅಂತಾರ” ಅಂದ ಮಿಸ್ತ್ರಿ. ಅಫಜಲಪುರದ ಹುಡುಗ ಪುಣೆಗೆ ಬಂದ ಹಾಗೆ ಬಿಹಾರದ ಹುಡುಗ ಹುಬ್ಬಳ್ಳಿಗೆ ಬಂದಿದ್ದಾನೆ. ನಮ್ಮಪ್ಪನ ಕಾಲದ ಪರಿಚಯದ ನಂಬಿಕೆ ಈಗ ನಿಮ್ಮೂರಿನಲ್ಲೂ ಇಲ್ಲ. ಇದ್ದಾಗಲೂ ಅದು ಅದೃಷ್ಟದ ಮೇಲೆ ನಿಂತಿತ್ತು. ಗುರುತಿಲ್ಲದವರ ನಡುವೆ ನಂಬಿಕೆಯನ್ನು ಕೇಳಿ, ಬರೆದು, ಪಕ್ಕದಲ್ಲಿ ಕೂತು ಕಟ್ಟಿಕೊಳ್ಳಬೇಕು. ಪರಊರು ನಮಗೆ ಕಲಿಸಿದ್ದು ಇಷ್ಟು. ನೀವೂ ಕಲಿತರೆ ಒಳ್ಳೆಯದು, ಅದಕ್ಕಾಗಿ ಊರು ಬಿಡಬೇಕಾಗಿಲ್ಲ.

ಸಾತಾರಾ ಕಡೆಯ ಆ ಮಿಸ್ತ್ರಿಯ ಹತ್ತಿರವೇ ಈಗಲೂ ಹೋಗುತ್ತೇನೆ, ಕಾರಿಗೂ ಸ್ಕೂಟರಿಗೂ. ಅವನಿಗೂ ವಯಸ್ಸಾಯಿತು, ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಾನೆ. ಹೊಸದಾಗಿ ಒಬ್ಬ ಹುಡುಗ ಸೇರಿದ್ದಾನೆ. ಹೋದ ತಿಂಗಳು ಸ್ಕೂಟರಿನ ಕೆಲಸ ಮುಗಿಯುತ್ತಲೇ ಆ ಹುಡುಗ ಕೀಲಿಕೈಗೆ ಕೈ ಚಾಚಿದ. ನಾನು ಕೊಡಲಿಲ್ಲ. ಹೆಸರು ಕೇಳಿದೆ, ಹೇಳಿದ. ವಯಸ್ಸು ಕೇಳಿದೆ. ಹದಿನೇಳು ಅಂದ, ನಾನು ಹದಿನಾರು ಅಂದುಕೊಂಡೆ. “ಮಿಸ್ತ್ರಿ ಬರಲಿ” ಅಂದೆ. ಅವನಿಗೆ ಸಿಟ್ಟು ಬಂತು. ಮುಖ ತಿರುಗಿಸಿಕೊಂಡು ಹೋಗಿ ಡಬ್ಬಿಯಲ್ಲಿದ್ದ ನಟ್ಟುಗಳನ್ನು ಸುಮ್ಮನೆ ಕಲಕತೊಡಗಿದ. ಬರಲಿ ಸಿಟ್ಟು. ಹದಿನೆಂಟು ತುಂಬಿದ ಮೇಲೆ ಲೈಸೆನ್ಸ್ ಮಾಡಿಸಿಕೊಂಡು, ತನ್ನ ಕೈಯಾರೆ ನನ್ನ ಗಾಡಿಗೆ ಬ್ರೇಕ್ ಹಾಕಲಿ. ಅವತ್ತು ಕೀಲಿಕೈ ನಾನೇ ಕರೆದು ಕೊಡುತ್ತೇನೆ. ಹೆಲ್ಮೆಟ್ಟನ್ನೂ ಕೊಡುತ್ತೇನೆ.